ಎರಡನೆಯ ಸ್ಥಾನದ ಮೂವರು

ಹೊಸ ಚೆಂಡಿನ ರಬ್ಬರ್ ವಾಸನೆ ನಿಮಗೆ ಗೊತ್ತೇ? ಊದುಬತ್ತಿಯನ್ನೂ ಸೋಲಿಸುವ ವಾಸನೆ ಅದು. ಮೊನ್ನೆ ಮೊಮ್ಮಗ ಬಾಸ್ಕೆಟ್‌ಬಾಲ್ ಕೊಂಡುತಂದು ನೇರ ದೇವರ ಮನೆಯ ಬಾಗಿಲಲ್ಲೇ ಪುಟಿಸಿದ. ಬೈಯಲು ಬಾಯಿ ತೆರೆದವಳು ಆ ವಾಸನೆಗೆ ಸುಮ್ಮನೆ ನಿಂತುಬಿಟ್ಟೆ. ದೀಪ ಆರಿರಲಿಲ್ಲ, ಅಷ್ಟು ಮಟ್ಟಿಗೆ ದೇವರ ದಯೆ.

"ತಾತ, ನೀವೂ ಸೆಂಟರ್ ಆಡ್ತಿದ್ರಂತೆ? ನಂಬರ್ ವನ್ ಥೇ ಕ್ಯಾ?" ಎಂದು ಅಭ್ಯಾಸದಂತೆ ಹಿಂದಿ ಬೆರೆಸಿ ಕೇಳಿದ.

ನಮ್ಮವರು ಪತ್ರಿಕೆಯಿಂದ ತಲೆ ಎತ್ತದೆ, "ಎರಡನೇ ಸ್ಥಾನ" ಎಂದರು.

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆ ಮನೆಗೆ ಹೋದೆ. ಆ ಎರಡನೇ ಸ್ಥಾನದ ಕಥೆ ಅವರ ಬಾಯಲ್ಲಿ ಬರುವುದಿಲ್ಲ, ನಾನೇ ಹೇಳಬೇಕು.

ಆಗ ನಾವು ಇದೇ ಮಹಾನಗರದ ಸಯನ್‌ನಲ್ಲಿದ್ದೆವು. ಎಂಬತ್ತರ ದಶಕದ ಮಾತು. ಎರಡನೇ ಮಹಡಿ, ಒಂದೂವರೆ ಕೋಣೆ. ಬೆಳಿಗ್ಗೆ ಒಂದು ಗಂಟೆ ನಲ್ಲಿಯಲ್ಲಿ ನೀರು ಬಂದರೆ ಅವತ್ತು ಹಬ್ಬ. ಬಿಲ್ಡಿಂಗಿನ ಹಿಂದಿನ ಖಾಲಿ ಜಾಗದಲ್ಲಿ ನಮ್ಮ ಕನ್ನಡದ ಗಂಡಸರೆಲ್ಲ ವಂತಿಗೆ ಹಾಕಿ ಸಿಮೆಂಟಿನ ಅಂಕಣ ಮಾಡಿಸಿ, ಎರಡು ಕಂಬ ನೆಟ್ಟು, ಬಾಸ್ಕೆಟ್‌ಬಾಲ್ ತಂಡ ಕಟ್ಟಿದ್ದರು. ಕ್ರಿಕೆಟ್ ಏಕಲ್ಲ ಎಂದು ಕೇಳಬೇಡಿ. ಕ್ರಿಕೆಟ್ ಆಡಿದರೆ ಕೆಳಮನೆಯವರ ಕಿಟಕಿ ಉಳಿಯುತ್ತಿರಲಿಲ್ಲ.

ನಾನು ಬಾಲ್ಕನಿಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ ಆಟವನ್ನು ಪೂರ್ತಿ ಕಲಿತೆ. ಸೆಂಟರ್ ಎಂದರೆ ಉದ್ದನೆಯ ಮನುಷ್ಯ. ಬುಟ್ಟಿಯ ಕೆಳಗೆ ನಿಂತು, ಬೇರೆಯವರು ಎಸೆದು ತಪ್ಪಿದ ಚೆಂಡನ್ನು ಹಿಡಿದು ಮತ್ತೆ ಒಳಗೆ ಹಾಕುವವನು. ಮನೆಗೆಲಸದಂಥದ್ದೇ, ಒಬ್ಬರು ಕೆಡಿಸಿದ್ದನ್ನು ಇನ್ನೊಬ್ಬರು ಸರಿಮಾಡುವುದು. ಹೀಗಾಗಿ ನನಗೆ ಬೇಗ ಅರ್ಥವಾಯಿತು.

ಹತ್ತು ವರ್ಷದಲ್ಲಿ ನಮ್ಮ ತಂಡಕ್ಕೆ ನಾಲ್ವರು ಸೆಂಟರ್‌ಗಳು. ಬ್ಯಾಂಕಿನ ಆಚಾರ್ಯರು ಬುಟ್ಟಿಯ ಕೆಳಗೆ ಎರಡೂ ಕೈ ಎತ್ತಿ ಆಶೀರ್ವಾದ ಮಾಡುವವರ ಹಾಗೆ ನಿಲ್ಲುತ್ತಿದ್ದರು. ಚೆಂಡು ಭಕ್ತಿಯಿಂದ ದೂರವೇ ಹೋಗುತ್ತಿತ್ತು. ಕಾಮತರ ಮೊಣಕೈ ಎದುರಾಳಿಗೆ ತಾಗಿದರೆ ನಿಂತು ಕ್ಷಮೆ ಕೇಳುತ್ತಿದ್ದರು, ಅಷ್ಟರಲ್ಲಿ ಎದುರಾಳಿ ಚೆಂಡು ಹಾಕಿ ಬಂದಿರುತ್ತಿದ್ದ. ಇನ್ನು ನಮ್ಮವರು. ಚೆಂಡು ಹಿಡಿದ ತಕ್ಷಣ, ನಾನು ನೋಡಿದೆನೋ ಇಲ್ಲವೋ ಎಂದು ಬಾಲ್ಕನಿಯ ಕಡೆ ಕತ್ತೆತ್ತುತ್ತಿದ್ದರು. ನಾನು ನೋಡುತ್ತಲೇ ಇರುತ್ತಿದ್ದೆ. ಅವರ ಕೈಯ ಚೆಂಡನ್ನು ಬೇರೊಬ್ಬರು ಕಸಿಯುವುದೂ ನನಗೇ ಮೊದಲು ಕಾಣುತ್ತಿತ್ತು.

ನಾಲ್ಕನೆಯವನು ಮಲ್ಲಪ್ಪ, ಬಿಜಾಪುರದ ಕಡೆಯವನು. ಆಂಟಾಪ್ ಹಿಲ್‌ನಲ್ಲಿ ವಾಸ, ನೆಲಕ್ಕೆ ಫರಸಿ ಕಲ್ಲು ಹಾಕುವ ಕೆಲಸ. ಅಂಕಣಕ್ಕೆ ಸಿಮೆಂಟು ಹಾಕಿದವನೂ ಅವನೇ. ಕೆಲಸ ಮುಗಿದ ದಿನ, "ಒಂದ್ಸಲ ನಾನೂ ಒಗದ್ ನೋಡ್ಲ್ಯಾ?" ಎಂದು ಕೇಳಿ ಎಸೆದವನು ನಾಲ್ಕು ವರ್ಷ ಬಿಡಲಿಲ್ಲ. ಬರಿಗಾಲಲ್ಲಿ ಆಡುತ್ತಿದ್ದ. ನೆಲ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ, ಚೆಂಡು ಎಲ್ಲಿ ಪುಟಿದು ಎಲ್ಲಿಗೆ ಬರುತ್ತದೆ ಎಂಬುದೆಲ್ಲ ಹಾಕಿದವನಿಗೆ ಗೊತ್ತಿರದೆ ಇರುತ್ತದೆಯೇ? ನಮ್ಮ ತಂಡ ಗೆದ್ದದ್ದು ಆ ನಾಲ್ಕು ವರ್ಷ ಮಾತ್ರ. ಅದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ತಂಡಕ್ಕೆ ಹತ್ತು ತುಂಬಿದಾಗ ಸ್ಮರಣ ಸಂಚಿಕೆ ತರಬೇಕೆಂದಾಯಿತು. ಅದರಲ್ಲಿ 'ನಮ್ಮ ಶ್ರೇಷ್ಠ ಸೆಂಟರ್‌ಗಳು' ಎಂದು ಒಂದು ಪುಟ, ಕ್ರಮವಾಗಿ ಒಂದರಿಂದ ನಾಲ್ಕು. ಯಾರು ಯಾವ ಸ್ಥಾನ ಎಂದು ತೀರ್ಮಾನಿಸಲು ಸಮಿತಿ ಮಾಡಿದರು. ಸಮಿತಿಯಲ್ಲಿ ಯಾರು? ಆಚಾರ್ಯರು, ಕಾಮತರು, ನಮ್ಮವರು. ತಮ್ಮ ಪರೀಕ್ಷೆಗೆ ತಾವೇ ಅಂಕ ಹಾಕಿಕೊಳ್ಳುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ! ಮಲ್ಲಪ್ಪನನ್ನು ಕರೆದಿರಲಿಲ್ಲ. ಅವನಿಗೆ ಭಾನುವಾರವೂ ಕೆಲಸ ಇರುತ್ತದೆ ಎಂದರು, ಕೇಳಿ ನೋಡದೆಯೇ.

ಸಭೆ ನಮ್ಮ ಮನೆಯಲ್ಲಿ. ಮೂವರೂ ಗುಟ್ಟಾಗಿ ಚೀಟಿಯಲ್ಲಿ ಹೆಸರುಗಳನ್ನು ಕ್ರಮವಾಗಿ ಬರೆದರು. ನಾನು ಉಪ್ಪಿಟ್ಟು ಬಡಿಸುತ್ತಿದ್ದೆ. ಕಾಮತರು ಚೀಟಿ ಬಿಡಿಸಿ ಓದುತ್ತಾ ಹೋದಂತೆ ಅವರ ದನಿ ಸಣ್ಣಗಾಯಿತು.

ನೋಡಿ, ನಮ್ಮ ಜನದ ಮರ್ಯಾದೆ ಎಂಥದ್ದು. ತನ್ನ ಹೆಸರನ್ನು ತಾನೇ ಮೊದಲು ಬರೆದುಕೊಳ್ಳುವುದು ಅಸಭ್ಯ, ಆದ್ದರಿಂದ ಮೂವರೂ ತಮ್ಮನ್ನು ಎರಡನೆಯ ಸ್ಥಾನದಲ್ಲಿ ಬರೆದಿದ್ದರು. ಎದುರಿಗೆ ಕುಳಿತ ಗೆಳೆಯನನ್ನು ಮೊದಲು ಮಾಡಿದರೆ ಸೋತ ಹಾಗೆ. ಅಲ್ಲಿ ಇಲ್ಲದವನನ್ನು ಮೊದಲು ಮಾಡಿದರೆ ಸೋತಂತಲ್ಲ! ಮೂರು ಚೀಟಿಯಲ್ಲೂ ಮೊದಲನೆಯವನು ಮಲ್ಲಪ್ಪ. ಉಳಿದದ್ದನ್ನು ಕೂಡಿಸಿದರೆ ಮೂವರೂ ಸಮ.

ನನಗೆ ನಗು ತಡೆಯಲಾಗದೆ, "ಸತ್ಯ ಹೇಗೋ ದಾರಿ ಮಾಡಿಕೊಂಡು ಬಂತು ನೋಡಿ" ಎಂದೆ.

"ನೀವು ಉಪ್ಪಿಟ್ಟು ನೋಡ್ಕೊಳ್ಳಿ ತಾಯಿ, ಸ್ವಲ್ಪ ಉಪ್ಪು ಜಾಸ್ತಿ ಆಗಿದೆ" ಎಂದರು ಆಚಾರ್ಯರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಮಲ್ಲಪ್ಪ ಮೆಂಬರೇ ಅಲ್ವಲ್ಲ?" ಎಂದರು.

"ಹೌದು ಮಾರಾಯ್ರೆ, ಕಾಲಿಗೆ ಬೂಟು ಸಹ ಹಾಕ್ತಿರ್ಲಿಲ್ಲ. ಫೋಟೋದಲ್ಲಿ ಹೇಗೆ ಕಾಣ್ತದೆ?" ಎಂದರು ಕಾಮತರು.

ಹತ್ತು ನಿಮಿಷದಲ್ಲಿ ಹೊಸ ಪಟ್ಟಿ ತಯಾರಾಯಿತು. ಮೊದಲನೆಯ ಸ್ಥಾನ: ಮೂವರಿಗೂ ಸಮನಾಗಿ. ಮಲ್ಲಪ್ಪನ ಹೆಸರು ಕಡೆಯ ಪುಟದ ಕೃತಜ್ಞತೆಯಲ್ಲಿ, ಪೆಂಡಾಲಿನವರು ಮತ್ತು ಮೈಕಿನವರ ನಡುವೆ. ನಾನು ನಮ್ಮವರ ಮುಖ ನೋಡಿದೆ. ಅವರು ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡುತ್ತಿದ್ದರು. ಗೆಳೆಯರಿಬ್ಬರೂ ಹೋದ ಮೇಲೆ ನನಗೆ ಆ ಹೊಸ ಪಟ್ಟಿಯ ಹಾಳೆ ಕೊಟ್ಟು, "ನಿನ್ನ ಅಕ್ಷರ ಚೆನ್ನಾಗಿದೆ. ಪ್ರೆಸ್ಸಿಗೆ ಶುದ್ಧಪ್ರತಿ ನೀನೇ ಬರೆದುಕೊಡು" ಎಂದರು, ಅಷ್ಟೇ.

ಗುರುವಾರ ಪೂಜೆ ಮುಗಿಸಿ ಬರೆಯಲು ಕುಳಿತೆ. ಬೆರಳಿನಲ್ಲಿ ಇನ್ನೂ ಕುಂಕುಮವಿತ್ತು. ಆ ಕೈಯಲ್ಲಿ ಸುಳ್ಳು ಬರೆಯುವುದೇ? ಮಲ್ಲಪ್ಪ ಒಂದು, ಮೂವರು ಎರಡು. ಚೀಟಿ ಹೇಳಿದ್ದನ್ನೇ ಬರೆದೆ. ಪೂರ್ತಿ ಧರ್ಮಕ್ಕಾಗಿ ಎಂದರೆ ದೇವರು ಮೆಚ್ಚುವುದಿಲ್ಲ. ಉಪ್ಪಿಟ್ಟಿನ ಉಪ್ಪಿನ ಮಾತೂ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಲಕೋಟೆ ಅಂಟಿಸಿ ನಮ್ಮವರ ಕೈಗಿಟ್ಟೆ. ಅವರು ಆಫೀಸಿಗೆ ಹೋಗುವಾಗ ದಾದರ್‌ನಲ್ಲಿ ಇಳಿದು ಪ್ರೆಸ್ಸಿಗೆ ಕೊಟ್ಟರು. ಸಂಚಿಕೆ ಬರುವವರೆಗೆ ದಿನಾ ಒಂದು ದೀಪ ಹೆಚ್ಚಿಗೆ ಹಚ್ಚಿದೆ, ಹೆದರಿಕೆಗೆ.

ಬಿಡುಗಡೆಯ ಸಂಜೆ ಆಚಾರ್ಯರು ಪುಟ ತಿರುಗಿಸಿದರು, ನಿಂತರು, ಕನ್ನಡಕ ಒರೆಸಿಕೊಂಡರು. ಅಷ್ಟರಲ್ಲಿ ಸಂಚಿಕೆ ಇಡೀ ಬಿಲ್ಡಿಂಗಿಗೆ ಹಂಚಿ ಆಗಿತ್ತು. "ಪ್ರೆಸ್ಸಿನವರ ತಪ್ಪು" ಎಂದರು ಕಾಮತರು ಮೆಲ್ಲಗೆ. ಮಲ್ಲಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ನಿಂತಲ್ಲೇ ಆ ಪುಟ ಎರಡು ಸಲ ಓದಿ, ನೇರ ಆಚಾರ್ಯರ ಬಳಿಗೇ ಹೋದ.

"ಸಾಹೇಬ್ರ, ಎರಡನೇದಾಗ ಮೂರು ಮಂದಿ ಅದೀರಿ. ಒಂದನೇದಾಗ ನಾ ಒಬ್ಬನ. ಭಾಳ ಗದ್ಲ ಆಗೇತಲ್ರಿ ನಿಮಗಲ್ಲಿ! ಸರದು ಕುಂದರ್‍ರಿ, ಜಾಗ ಸಾಲಂಗಿಲ್ಲ" ಎಂದ.

ಜನ ಹೋ ಎಂದು ನಕ್ಕರು. ಆಚಾರ್ಯರೂ ನಗಬೇಕಾಯಿತು, ಹಲ್ಲು ಮಾತ್ರ ಕಂಡಿತು. ಮಲ್ಲಪ್ಪ ಹೋಗುವಾಗ ನನ್ನ ಹತ್ತಿರ ಬಂದು, "ಅಕ್ಕಾರ, ಇನ್ನೊಂದು ಪುಸ್ತಕ ಸಿಗತೈತೇನ್ರಿ? ಊರಾಗ ಅಪ್ಪಗ ಕಳಸ್ಬೇಕು" ಎಂದ. ನಮ್ಮ ಮನೆಯ ಪ್ರತಿಯನ್ನೇ ಕೊಟ್ಟೆ.

ಅಂದಿನಿಂದ ಇಂದಿನವರೆಗೆ ನಾನು ನಮ್ಮವರನ್ನು ಆಡಿಕೊಂಡು ನಕ್ಕದ್ದಕ್ಕೆ ಲೆಕ್ಕವಿಲ್ಲ. ಬಾಯಿ ಬಿಡದ ಮನುಷ್ಯ, ಲೋಟದಲ್ಲಿ ಮುಖ ಮರೆಸಿಕೊಂಡ ಹೇಡಿ ಎಂದು. ಮೊನ್ನೆಯೂ ಘಾಟ್ಕೋಪರಿನ ಈ ಮನೆಯಲ್ಲಿ ಮೊಮ್ಮಗನಿಗೆ ಕಥೆಯನ್ನೆಲ್ಲ ಹೇಳಿ, "ನಿನ್ನ ತಾತನೂ ಜಾಣತನದಿಂದಲೇ ಮಲ್ಲಪ್ಪನ ಹೆಸರು ಬರೆದದ್ದು" ಎಂದು ಮುಗಿಸಿದೆ.

ನಮ್ಮವರು ಪತ್ರಿಕೆ ಮಡಚಿದರು. "ಜಾಣತನ ಏನು ಬಂತು? ಅವನೇ ಮೊದಲನೆಯವನು, ಅದಕ್ಕೇ ಬರೆದೆ."

"ಮತ್ತೆ ನಿಮ್ಮ ಹೆಸರು ಎರಡನೆಯದು?"

"ಅದು ಸ್ವಲ್ಪ ದುರಾಸೆ."

"ಹಾಗಿದ್ದರೆ ಅವತ್ತು ಅವರೆದುರು ಯಾಕೆ ಬಾಯಿ ಬಿಡಲಿಲ್ಲ?"

"ಆಚಾರ್ಯರ ಹತ್ತಿರ ವಾದ ಮಾಡಿ ಗೆದ್ದವರು ಯಾರಿದ್ದಾರೆ? ಶುದ್ಧಪ್ರತಿ ಬರೆಯೋಕೆ ನಿನ್ನ ಕೈಗೆ ಕೊಟ್ಟೆನಲ್ಲ. ನೀನು ಏನು ಬರೀತೀಯ ಅಂತ ನನಗೆ ಗೊತ್ತಿರಲಿಲ್ವೇ?"

ನಾನು ಬತ್ತಿ ಹೊಸೆಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದೆ. ಮೂವತ್ತು ವರ್ಷಕ್ಕೂ ಮೇಲೆ ನನ್ನದೆಂದು ಹೆಮ್ಮೆಪಟ್ಟ ಧೈರ್ಯದಲ್ಲಿ ಅವರ ಪಾಲೂ ಇತ್ತಂತೆ. ನನ್ನನ್ನು ಅಷ್ಟು ನಂಬಿದ್ದರಲ್ಲ ಎಂದು ಸಂತೋಷ. ದೀಪ ಹಚ್ಚಿ ನಡುಗಿದವಳು ನಾನೊಬ್ಬಳೇ ಎಂದು ಸಿಟ್ಟು. ಎರಡೂ ಒಟ್ಟಿಗೆ ಬಂದವು. ದೇವರು ಈಗಲಾದರೂ ಇದನ್ನು ತಿಳಿಸಿದನಲ್ಲ ಎಂದು ಕೈಮುಗಿದೆ.

ನನ್ನ ಮನಸ್ಸಿನಲ್ಲೂ ಒಂದು ಪಟ್ಟಿ ಇದೆ, ನಾನು ಕಂಡ ಹೇಡಿಗಳದ್ದು. ಇಷ್ಟು ವರ್ಷವೂ ಮೊದಲ ಸ್ಥಾನ ನಮ್ಮವರದೇ ಆಗಿತ್ತು. ಮೊನ್ನೆ ಎರಡಕ್ಕೆ ಇಳಿಸಿದೆ.