ಬೆಟ್ಟದ ದಾರಿಯ ಹೋಟೆಲು

ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ನಾನು ಹೋಟೆಲು ಇಟ್ಟು ಆಗ ನಾಲ್ಕು ತಿಂಗಳಾಗಿತ್ತು. ಹೋಟೆಲು ಅಂದರೆ ತಗಡಿನ ಸೂರು, ಮೂರು ಬೆಂಚು, ಎರಡು ಒಲೆ. ಮುದ್ದೆ, ಸೊಪ್ಪಿನ ಸಾರು, ಅನ್ನ. ಕೊಳ್ಳೇಗಾಲದ ಶಾಲೆಯೊಂದರಲ್ಲಿ ಆಯಾ ಕೆಲಸ ಬಿಟ್ಟು ಬಂದವಳು ನಾನು. "ಇರೋ ಕೆಲ್ಸ ಬುಟ್ಟು ಇದ್ಯಾಕವ್ವ ನಿಂಗ?" ಎಂದು ಯಳಂದೂರಿನಿಂದ ಅವ್ವ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದಳು. ಅವಳ ಬಾಯಿ ಮುಚ್ಚಿಸಬೇಕೆಂಬ ಹಟ ನನಗೆ ವ್ಯಾಪಾರಕ್ಕಿಂತ ಜಾಸ್ತಿ ಇತ್ತು.

ವ್ಯಾಪಾರ ಕುಂಟುತ್ತಿತ್ತು. ಶಿವರಾತ್ರಿ ಬರಲಿ ಎಂದು ಕಾಯುತ್ತಿದ್ದೆ. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಬೆಟ್ಟಕ್ಕೆ ನಡೆದು ಹೋಗುವವರಿಂದ ಆ ರಸ್ತೆ ತುಂಬಿಹೋಗುತ್ತದೆ. ನಡೆದವರಿಗೆ ಹಸಿವಾಗದೆ ಇರುತ್ತದೆಯೇ? ಅವರ ವ್ಯಾಪಾರ ಹಿಡಿದರೆ ಹೋಟೆಲು ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುವುದೇ ಸೈ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ನಡೆಯುವವರು ಬೇಗ ತಿಂದು ಹೊರಡಲಿ ಎಂದು ಮುದ್ದೆ ನಿಲ್ಲಿಸಿ, ಇಡ್ಲಿ ಮತ್ತು ರೈಸ್‌ಬಾತ್ ಮಾತ್ರ ಎಂದು ಬೋರ್ಡು ಬರೆಸಿದೆ. ದೊಡ್ಡ ಇಡ್ಲಿ ಪಾತ್ರೆ ಬಾಡಿಗೆಗೆ ತಂದೆ.

ಈಗ ಹೇಳಲು ನಾಚಿಕೆಯಾಗುತ್ತದೆ. ಆ ದಾರಿಯಲ್ಲಿ ನಡೆಯುವವರು ದುಡ್ಡು ಕೊಟ್ಟು ಉಣ್ಣುವುದಿಲ್ಲ, ಹಾಗೆ ಕೊಟ್ಟು ಉಣ್ಣಲು ಜನ ಬಿಡುವುದೂ ಇಲ್ಲ. ಅಲ್ಲಲ್ಲಿ ಪೆಂಡಾಲು ಹಾಕಿ, ಕೈಹಿಡಿದು ಕೂರಿಸಿ ಬಡಿಸುತ್ತಾರೆ. ನನಗೆ ಗೊತ್ತಿರಲಿಲ್ಲವೇ? ಮದುವೆಯಾಗಿ ಬಂದ ವರ್ಷದಿಂದ ನಮ್ಮ ಯಜಮಾನರ ಗೆಳೆಯರ ಪೆಂಡಾಲಿನಲ್ಲಿ ಪಾನಕಕ್ಕೆ ನಿಂಬೆಹಣ್ಣು ಹಿಂಡಿದವಳು ನಾನೇ. ಆಗ ನಡೆದು ಬರುವವರು ನನಗೆ ಭಕ್ತರಾಗಿ ಕಾಣುತ್ತಿದ್ದರು, ಹೋಟೆಲು ಇಟ್ಟ ಮೇಲೆ ಗಿರಾಕಿಗಳಾಗಿ ಕಂಡರು.

ಸಾಲದ್ದಕ್ಕೆ ಆ ವರ್ಷ ಗೆಳೆಯರೆಲ್ಲ ಸೇರಿ ಪೆಂಡಾಲನ್ನು ನನ್ನ ಹೋಟೆಲಿನ ಎದುರಿಗೇ ಹಾಕಿದರು. ಯಜಮಾನರು ಉಬ್ಬಿಹೋಗಿ ಬಂದು ಹೇಳಿದರು.

"ನಿನ್ ಓಟ್ಲು ಮುಂದ್ಕೇ ಆಕ್ಸಿವ್ನಿ ಕಣಮ್ಮಿ. ಜನ ಸೇರ್ತರ, ನಿಂಗೂ ಯಾಪಾರ ಆಯ್ತದ."

"ಬಿಟ್ಟಿ ಬಾತ ಎದುರ್ಗೇ ಇಟ್ಕಂಡು, ದುಡ್ ಕೊಟ್ಟು ನನ್ ಬಾತ ಯಾರ್ ತಿಂದಾರು?"

ಅವರು ತಲೆ ಕೆರೆದುಕೊಂಡರು. "ಅದ ನಾವು ಯೋಚ್ನೆ ಮಾಡ್ನಿಲ್ಲ ಕಣಮ್ಮಿ."

ಎತ್ತಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾದಪ್ಪನ ಹೆಸರಿನ ಪೆಂಡಾಲು ಅದು. ಜನ ಸಾಲುಸಾಲಾಗಿ ನನ್ನ ಕಣ್ಣೆದುರೇ ಉಂಡು, ಕೈ ತೊಳೆದು ಹೋದರು. ಕೈ ತೊಳೆದ ನೀರು ಮಾತ್ರ ನನ್ನ ಡ್ರಮ್ಮಿನದು. ಮೊದಲ ದಿನ ಸಿಟ್ಟು, ಎರಡನೆಯ ದಿನ ಅಳು. ಮೂರನೆಯ ದಿನ ಹುಳಿ ಬಂದ ಹಿಟ್ಟನ್ನು ಎಮ್ಮೆಗೆ ಸುರಿದೆ, ಮಿಕ್ಕ ಅಕ್ಕಿ, ತರಕಾರಿಯನ್ನೆಲ್ಲ ಪೆಂಡಾಲಿಗೇ ಕೊಟ್ಟು ಸೌಟು ಹಿಡಿದು ಬಡಿಸಲು ನಿಂತೆ. ಹೊಟ್ಟೆಯುರಿ ಹೋಯಿತು ಎಂದೇನಲ್ಲ, ಸುಮ್ಮನೆ ಕೂರುವುದು ಅದಕ್ಕಿಂತ ಕಷ್ಟವಾಗಿತ್ತು.

ಮಧ್ಯಾಹ್ನ ಪಕ್ಕದ ಪಂಚರ್ ಅಂಗಡಿಯ ಅಣ್ಣ ಬಂದ. ನಾನು ಹೋಟೆಲು ಇಟ್ಟ ದಿನದಿಂದ ತಪ್ಪದೆ ಮುದ್ದೆಗೆ ಬರುತ್ತಿದ್ದವನು. ಪೆಂಡಾಲು ಹಾಕಿದ ಮೊದಲ ದಿನ ಅವನು ಬಂದಾಗ ಮುದ್ದೆ ಇಲ್ಲ ಎಂದು ನಾನೇ ಬಿರುಸಾಗಿ ಹೇಳಿ ಕಳಿಸಿದ್ದೆ. ಈಗ ಪೆಂಡಾಲಿನಲ್ಲಿ ಕೂರು, ಬಡಿಸುತ್ತೇನೆ ಎಂದೆ.

"ಅದು ನಡ್ಕಂಡ್ ಓಗೋರ್ಗೆ ಕಣವ್ವ. ನಾ ಎಲ್ಲಿಗ್ ನಡ್ದಿದ್ದೀನಿ?" ಎಂದ. "ಮುದ್ದ ಯಾವತ್ತಿಂದ ಮಾಡೀಯೆ ಏಳು, ಅವತ್ತಿಂದ ಬತ್ತೀನಿ."

ಇಷ್ಟು ದಿನ ಎಲ್ಲಿ ಉಂಡೆ ಎಂದು ಕೇಳಿದೆ. ಬನ್ನು, ಟೀ ಎಂದ. ಬಾರದ ಗಿರಾಕಿಗಳಿಗಾಗಿ ಮೂರು ದಿನ ಒದ್ದಾಡಿದ್ದೆ. ದಿನಾ ಬರುತ್ತಿದ್ದವನು ಅರೆಹೊಟ್ಟೆಯಲ್ಲಿದ್ದ.

ಸೌಟನ್ನು ಯಜಮಾನರ ಕೈಗೆ ಕೊಟ್ಟೆ. "ಒಂದ್ ಗಳ್ಗ ಕೂತ್ಕಳಣ್ಣ" ಎಂದು ಬೆಂಚು ಒರೆಸಿ, ಒಲೆಯ ಮೇಲೆ ಎಸರಿಟ್ಟೆ. ಒಬ್ಬನಿಗೆ ಎಷ್ಟು ಹಿಟ್ಟು ಹಾಕಬೇಕೆಂಬ ಅಂದಾಜೇ ಸಿಗಲಿಲ್ಲ. ಎರಡು ಮುದ್ದೆಯಷ್ಟಾಯಿತು. ಎರಡನೆಯದನ್ನು ತಟ್ಟೆಗೆ ಹಾಕಿಕೊಂಡು ಅವನ ಎದುರು ಬೆಂಚಿನಲ್ಲಿ ಕೂತು ನಾನು ಉಂಡೆ. ಆ ಮೂರು ದಿನ ನಾನೂ ನೆಟ್ಟಗೆ ಉಂಡಿರಲಿಲ್ಲ.

"ನಾಳಕೂ ಮಾಡೀಯವ್ವ?" ಎಂದು ಕೇಳಿದ.

ಹೋಟೆಲು ಮುಚ್ಚಬೇಕೆಂದು ಬೆಳಿಗ್ಗೆಯಷ್ಟೇ ಅಂದುಕೊಂಡಿದ್ದವಳು, ದಿನಾ ಮಾಡ್ತೀನಿ ಕಣಣ್ಣ ಎಂದೆ.