ಅಂಬಾಬಾಯಿ ತುಂಬಿಸಿಟ್ಟ ನೀರು

ಅಂಬಾಬಾಯಿಯವರು ಧಾರವಾಡ ಬಿಟ್ಟು ಎಲ್ಲಿಯೂ ಎರಡು ರಾತ್ರಿ ಕಳೆದವರಲ್ಲ. ಕಾರಣ ಅವರ ಓಣಿಗೆಲ್ಲ ಗೊತ್ತು: ನೀರಿನ ಪಾಳಿ. ನಳ ಬರುವುದು ವಾರಕ್ಕೊಮ್ಮೆ. ಯಾವ ಹೊತ್ತಿಗೆ ಎಂಬುದು ನೀರು ಬಿಡುವವನಿಗೂ ನಿಕ್ಕಿಯಿಲ್ಲ. ತಮ್ಮನ ಮದುವೆಯಲ್ಲಿ ಅಕ್ಷತೆ ಹಾಕಿ, ಊಟ ಮುಗಿಸಿ, ಸಂಜೆಯ ಬಸ್ಸಿಗೇ ಮರಳಿದ್ದರು. ಕಾಯಿಪಲ್ಯ ತೊಳೆದ ನೀರು ದಾಸವಾಳದ ಗಿಡಕ್ಕೆ, ಅರಿವೆ ಹಿಂಡಿದ ನೀರು ಬಚ್ಚಲು ತೊಳೆಯುವುದಕ್ಕೆ. ಹೀಗೆ ಸಂಸಾರ ತೂಗಿಸಿದವರು.

ಅಂಥವರನ್ನು ಸೊಸೆ ಋತುಜಾ ಅಂಕೋಲೆಯ ಕಡೆಯ ಈ ಸಣ್ಣ ಕಡಲೂರಿಗೆ ನಾಲ್ಕು ದಿನಕ್ಕೆಂದು ಕರೆತಂದಿದ್ದಳು. ಒಂದೂವರೆ ವರ್ಷದ ಮಗಳು ಸುರಭಿಗೆ ಒಂದೇ ಸಮನೆ ಕೆಮ್ಮು ನೆಗಡಿಯಾಗಿ, ಋತುಜಾ ಕಣ್ಣು ತುಂಬ ನಿದ್ದೆ ಮಾಡಿ ಎಷ್ಟೋ ಕಾಲವಾಗಿತ್ತು. ಗಂಡ ಶ್ರೀರಂಗನಿಗೆ ಲಕಮನಹಳ್ಳಿಯ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. "ಅವ್ವನ್ನ ಕರಕೊಂಡ ಹೋಗು. ಇಬ್ಬರಿಗೂ ಹವಾ ಬದಲಾಗ್ತದ" ಎಂದು ಬಸ್ಸು ಹತ್ತಿಸಿದ.

ಹವೆಯೇನೋ ಬದಲಾಯಿತು, ಮಗುವಿಗೆ ಏನಾದೀತೋ ಎಂಬ ಋತುಜಾಳ ಹೆದರಿಕೆ ಬದಲಾಗಲಿಲ್ಲ. ಅವಳಿಗೆ ಅಷ್ಟು ದೊಡ್ಡ ಕಡಲೂ ಮಗು ಬೀಳಬಹುದಾದ ನೀರಾಗಿಯೇ ಕಂಡಿತು. ಮೊದಲ ದಿನ ಸುರಭಿಯನ್ನು ಮರಳಿಗೂ ಇಳಿಸಲಿಲ್ಲ.

ಮರುದಿನ ನಸುಕಿನಲ್ಲಿ, ಅವರು ಇಳಿದುಕೊಂಡ ಮನೆಯ ಒಡತಿ ಭಾಗ್ಯಶ್ರೀ ತೆಂಗಿಗೆ ನೀರು ಬಿಡಲೆಂದು ಬಾವಿಯ ಪಂಪು ಹಾಕಿದರು. ಹಿತ್ತಲ ತೊಟ್ಟಿಗೆ ನೀರು ಧೋ ಎಂದು ಬಿದ್ದ ಸದ್ದಿಗೆ ಅಂಬಾಬಾಯಿ ನಿದ್ದೆಗಣ್ಣಿನಲ್ಲೇ ಎದ್ದರು. ನೀರಿನ ಸದ್ದು ಕೇಳಿಯೂ ಮಲಗಿರುವುದು ಆ ಜೀವಕ್ಕೆ ಗೊತ್ತೇ ಇರಲಿಲ್ಲ.

ಋತುಜಾಳಿಗೆ ಎಚ್ಚರವಾದಾಗ ಮಗ್ಗುಲಲ್ಲಿ ಮಗು ಇರಲಿಲ್ಲ. ಹೊರಗೆ ಓಡಿ ಬಂದರೆ ಹೊಸ್ತಿಲಿನಿಂದ ಬಚ್ಚಲಿನ ತನಕ ತುಂಬಿದ ಕೊಡ, ಬಕೆಟ್ಟು, ಹಂಡೆ. ಕುಕ್ಕರು, ಚಹದ ಥರ್ಮಾಸು ಕೂಡ ಕಂಠಮಟ್ಟ. ಒಂದೊಂದೇ ಬಕೆಟ್ಟಿನಲ್ಲಿ ಇಣುಕುತ್ತ ಹಿತ್ತಲಿಗೆ ಬಂದಳು. ತೊಟ್ಟಿಯ ಬಳಿ ಅತ್ತೆಯ ಬೆನ್ನು ಕಂಡಿತು.

"ಇಷ್ಟೊಂದು ತುಂಬಿಸಿ ಇಟ್ಟೀರಲ್ಲ, ಒಂದರಾಗ ಕೂಸು ಬಿದ್ದಿದ್ರ ಏನ್ ಮಾಡತಿದ್ರಿ? ನೀರು ಬಿಟ್ರ ನಿಮಗ ಬ್ಯಾರೆ ಏನೂ ಕಾಣಸೂದಿಲ್ಲ."

ಅಂಬಾಬಾಯಿ ತಿರುಗಿದರು. ಸುರಭಿ ಅವರ ಸೊಂಟದ ಮೇಲಿದ್ದಳು. ಸೆರಗನ್ನು ಮಗುವಿನ ಸುತ್ತ ಬಿಗಿದು ಗಂಟು ಹಾಕಿದ್ದರು. ಮಗು ಒದ್ದೆ ಕೈಯಿಂದ ಅಜ್ಜಿಯ ಗಲ್ಲ ಬಡಿಯುತ್ತಿತ್ತು.

"ನಾನು ಎತ್ತಿಕೊಳ್ತೇನೆ ಅಂದೆ, ಕೊಡಲಿಲ್ಲ" ಎಂದರು ಪಂಪಿನ ಬಳಿ ನಿಂತಿದ್ದ ಭಾಗ್ಯಶ್ರೀ. "ಮಗನನ್ನೂ ಹೀಗೇ ಕಟ್ಟಿಕೊಂಡು ನೀರು ತುಂಬಿದ್ದಂತೆ. ಬಾವಿ ಎಲ್ಲಿಗೂ ಹೋಗೂದಿಲ್ಲ ಅಮ್ಮಾ ಅಂದರೂ ಕೇಳಲಿಲ್ಲ."

ಅಂಬಾಬಾಯಿ ಗಂಟು ಬಿಚ್ಚಿ ಮಗುವನ್ನು ಸೊಸೆಯ ಕೈಗಿತ್ತರು. ಒಳಗೆ ಹೋಗಿ ಸೀರೆ ಮಡಿಸತೊಡಗಿದರು.

"ನಾಳೆ ಪಾಳಿ ಅದ. ಈಗಿನ ಬಸ್ಸಿಗೆ ನಾ ಹೋಗ್ತೇನಿ. ನೀ ಆರಾಮ ಇರು."

"ಬಾಜೂ ಮನಿ ಡೋರಾ ಆಂಟಿಗೆ ಕೀಲಿ ಕೊಟ್ಟೇವಲ್ರಿ, ಅವರು ತುಂಬಿಸ್ತಾರ."

"ಅವರದ ತುಂಬಸೂದರಾಗ ಅವರ ನಡಾ ಹಿಡೀತದ."

"ಅತ್ಯಾ, ತಪ್ಪಾತ್ರಿ. ಹೆದರಿಕಿಗೆ ಬಾಯಿಗೆ ಬಂದದ್ದು ಅಂದೆ."

ಅಂಬಾಬಾಯಿ ಚೀಲದ ಜಿಪ್ಪು ಎಳೆದರು. ಅವರು ಸಿಟ್ಟು ಮಾಡಿದ್ದರೆ ಋತುಜಾ ಹೇಗೋ ತಡೆದುಕೊಳ್ಳುತ್ತಿದ್ದಳು. ಆದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಆಯುಷ್ಯದಲ್ಲಿ ಮೊದಲ ಸಲ ನಾಲ್ಕು ದಿನಕ್ಕೆಂದು ಹೊರಬಿದ್ದವರು ಹೀಗೆ ಒಬ್ಬರೇ ಮರಳುವುದೆಂದರೆ? ಅವಳು ಬಾಗಿಲಿಗೆ ಅಡ್ಡ ನಿಂತಳು.

"ಹಂಗಾರ ನೀವು ಹೋದಮ್ಯಾಲೆ ಇಷ್ಟೂ ನೀರು ಚೆಲ್ಲತೇನ್ರಿ. ಕೂಸು ಓಡಾಡೂ ಜಾಗಾದಾಗ ಇಡಲಿಕ್ಕೆ ನನಗ ಧೈರ್ಯ ಇಲ್ಲ. ಒಬ್ಬಾಕಿ ಎಷ್ಟಂತ ಬಳಸಲಿ?"

ಚೀಲದ ಮೇಲಿನ ಕೈ ನಿಂತಿತು.

"ಚೆಲ್ಲತೀ?"

"ಮತ್ತೇನ್ ಮಾಡ್ಲಿ, ನೀವ ಹೇಳ್ರಿ."

ಅಂಬಾಬಾಯಿ ಕೊಡಗಳ ಸಾಲನ್ನು ನೋಡಿದರು. ಸೊಸೆಯ ಮುಖ ನೋಡಿದರು. ಬಿಗಿದ ತುಟಿ ಸ್ವಲ್ಪ ಸಡಿಲಾಯಿತು.

"ಭಾಳ ಶಾಣ್ಯಾ ಆಗೀದಿ. ಒಲಿ ಹೊತ್ತಸು ನಡಿ. ನಿನ್ನ ತಲಿ ನೋಡಿಕೊಂಡೀ ಏನು, ಗುಬ್ಬಿ ಗೂಡು ಆಗೇದ. ಎರೀತೇನಿ ಬಾ."

ಬಾಣಂತನ ಮುಗಿದಾಗಿನಿಂದ ಋತುಜಾಳ ತಲೆಗೆ ಇನ್ನೊಬ್ಬರು ನೀರು ಹಾಕಿರಲಿಲ್ಲ. ಭಾಗ್ಯಶ್ರೀ ಮಗುವನ್ನು ಎತ್ತಿಕೊಂಡು ಬಚ್ಚಲ ಬಾಗಿಲಲ್ಲೇ ಬಾಳೆಹಣ್ಣು ತಿನ್ನಿಸುತ್ತ ಕುಳಿತರು. ಅಂಬಾಬಾಯಿ ಎಣ್ಣೆ ತಿಕ್ಕಿ, ಸೀಗೆಕಾಯಿ ಹಚ್ಚಿ, ಒಂದು ತಂಬಿಗೆ ಎರೆದು, ನೀರು ಉಳಿಸುವ ರೂಢಿಯಂತೆ ಕೈ ತಡೆದರು. ಆಮೇಲೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು.

"ಸುರಭಿ..." ಋತುಜಾ ಕಣ್ಣು ತೆರೆಯಹೋದಳು.

"ಇಲ್ಲೇ ಅದಾಳ. ಕಣ್ಣು ಮುಚ್ಚು, ಉರೀತದ."

ಅವಳು ಮುಚ್ಚಿದಳು. ಬಿಸಿ ನೀರು ನೆತ್ತಿಯಿಂದ ಕೊರಳಿಗೆ, ಕೊರಳಿಂದ ಬೆನ್ನಿಗೆ ಇಳಿಯಿತು. ಗಂಟು ಕಟ್ಟಿದ್ದ ಭುಜ ತಾನಾಗಿ ಸಡಿಲವಾಯಿತು.

"ಬಸ್ಸು ಹೋತೇನೋ, ಅತ್ಯಾ."

"ಹೋಗ್ಲಿ."

"ಸಾಕ್ರಿ ಇನ್ನ."

"ಸುಮ್ಮ ಕೂಡು. ಇನ್ನೂ ಎರಡು ಕೊಡ ಅದಾವ."