ಚಂಪಕ್ಕ ಹೇಳಿದ ಒಂದು ಸುಳ್ಳು

ಚಂಪಕ್ಕ ಯಾರ ಕೈಗೂ ಸೂಜಿ ಕೊಡುತ್ತಿರಲಿಲ್ಲ. ಕೆಳಗಿಟ್ಟು, ಕೈ ಹಿಂದಕ್ಕೆ ತೆಗೆದು, "ಈಗ ತಗೋರಿ" ಎನ್ನುತ್ತಿದ್ದಳು. ಉಪ್ಪು, ಮೆಣಸಿನಕಾಯಿ, ಸೂಜಿ ಕೈಯಿಂದ ಕೈಗೆ ಹೋದರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಹತ್ತುತ್ತದೆ ಎಂದು ನಮ್ಮ ಕಡೆ ಮನೆಮನೆಯಲ್ಲೂ ಹೇಳುತ್ತಾರೆ. ಮನೆಯಲ್ಲಾದರೆ ಸರಿ. ಚಂಪಕ್ಕ ಆ ಪದ್ಧತಿಯನ್ನು ಬೆಳಗಾವಿಯ ನಮ್ಮ ಹೆಂಗಸರ ದವಾಖಾನೆಯ ಆಪರೇಷನ್ ಕೋಣೆಗೂ ತಂದುಬಿಟ್ಟಿದ್ದಳು. ಡಾಕ್ಟರು ಕೈ ಚಾಚಿದರೆ ಇವಳು ದಾರ ಪೋಣಿಸಿದ ಸೂಜಿಯನ್ನು ಬಿಳಿ ತಟ್ಟೆಯಲ್ಲಿಟ್ಟು ತಟ್ಟೆಯನ್ನೇ ಮುಂದೆ ಸರಿಸುವಳು.

ಅವಳು ಅನಗೋಳದ ಜೈನರ ಮನೆಯವಳು. ಗಂಡ ಎಳೆ ವಯಸ್ಸಿನಲ್ಲೇ ಪ್ಲೇಗಿಗೆ ಹೋಗಿದ್ದ. ಕೌದಿ ಹೊಲಿಯುತ್ತ ಮೂಲೆಯಲ್ಲಿ ಕೂತಿರು ಎಂದ ಮನೆಯವರ ಮಾತು ಕೇಳದೆ ನರ್ಸಿನ ಕೆಲಸ ಕಲಿತಿದ್ದಳು. ಇಪ್ಪತ್ತರ ದಶಕದಲ್ಲಿ ನಾನು ಅದೇ ದವಾಖಾನೆಗೆ ನರ್ಸಾಗಿ ಸೇರಿದಾಗ ಅವಳಿಗೆ ನಲವತ್ತರ ಆಜುಬಾಜು. ಎಂದೂ ಸುಳ್ಳಾಡುವುದಿಲ್ಲವೆಂದು ಮುನಿಗಳ ಎದುರು ವ್ರತ ಹಿಡಿದವಳು. ಆ ವ್ರತದಿಂದ ನಾವೆಲ್ಲ ಪಟ್ಟ ಪಾಡು ಅಷ್ಟಿಷ್ಟಲ್ಲ. ಒಮ್ಮೆ ಶಹಾಪುರದ ಅತ್ತೆಯೊಬ್ಬಳು ಹೆರಿಗೆ ಕೋಣೆಯ ಬಾಗಿಲಿಗೆ ಬಂದು, "ಕೂಸು ಕೆಂಪಗೈತೇನ್ರಿ?" ಎಂದು ಆಸೆಯಿಂದ ಕೇಳಿದಳು.

"ನಿಮ್ಮ ಮಗನ್ಹಂಗ ಕರ್ರಗೈತ್ರಿ. ಆದ್ರ ಗಟ್ಟಿ ಐತಿ."

ಅಂದಿನಿಂದ ರೋಗಿಗಳ ಮನೆಯವರ ಜೊತೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಸಾವಿನ ಹತ್ತಿರ ಇದ್ದವರು, "ನಾ ಬದಕ್ತೀನೇನ್ರಿ?" ಎಂದು ಕೇಳಿದರೂ ಅವಳದು ಒಂದೇ ಉತ್ತರ. "ಅದು ನನಗ ಗೊತ್ತಿಲ್ಲವ್ವಾ. ಗಂಜಿ ಬಿಸಿ ಐತಿ, ಕುಡಿ." ವಿಚಿತ್ರವೆಂದರೆ ಅವರು ಕುಡಿಯುತ್ತಿದ್ದರು.

ನಮ್ಮ ಡಾಕ್ಟರು ಪುಣೆಯವರು, ಹೆಂಗಸು. ಎಲ್ಲರೂ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದರು. ಮನೆಮಾತು ಮರಾಠಿ. ಕನ್ನಡ ಕಲಿತದ್ದು ಚಂಪಕ್ಕನಿಂದ, ಹೀಗಾಗಿ ಅವರ ಬಾಯಲ್ಲಿ ಬರುತ್ತಿದ್ದದ್ದು ಅಪ್ಪಟ ಅನಗೋಳದ ಕನ್ನಡ. ಮಧ್ಯಾಹ್ನ ಚಂಪಕ್ಕನ ಬುತ್ತಿಯ ರೊಟ್ಟಿ ಕಿತ್ತುಕೊಂಡು ತಿನ್ನುವಷ್ಟು ಸಲಿಗೆ. ತಟ್ಟೆ ಸರಿಸುವುದನ್ನು ಕಂಡಾಗಲೆಲ್ಲ ನಗುತ್ತಿದ್ದರು. "ಚಂಪಾಬಾಯಿ, ನಾವಿಬ್ಬರೂ ಜಗಳಾಡೂದು ಈ ಜನ್ಮದಾಗ ಆಗೂ ಮಾತಲ್ಲ ಬಿಡ್ರಿ."

ಒಂದು ಮಳೆಗಾಲದ ಮಧ್ಯಾಹ್ನ ಖಾನಾಪುರದಾಚೆಯ ಹಳ್ಳಿಯಿಂದ ಬಾಣಂತಿಯೊಬ್ಬಳನ್ನು ಚಕ್ಕಡಿಯಲ್ಲಿ ತಂದರು. ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಒಳಗೆಲ್ಲ ನಂಜು, ಹತ್ತಿರ ನಿಲ್ಲಲಾಗದ ವಾಸನೆ, ರಕ್ತ ಮಾತ್ರ ನಿಲ್ಲುತ್ತಿಲ್ಲ. ಇದ್ದ ಒಂದೇ ಜೊತೆ ರಬ್ಬರಿನ ಕೈಗವಸು ಹರಿದುಹೋಗಿ, ಹೊಸದು ಮುಂಬಯಿಯಿಂದ ಬರಬೇಕಾಗಿತ್ತು. ಬಾಯಾರು ಬರಿಗೈಯಲ್ಲೇ ಹೊಲಿಗೆಗೆ ಕೂತರು. ಒಂದು ಹೊಲಿಗೆ ಬಿತ್ತು. ಅದೇ ಸೂಜಿಗೆ ಮತ್ತೆ ದಾರ ಪೋಣಿಸಿ ಚಂಪಕ್ಕ ತಟ್ಟೆಯಲ್ಲಿಡಲು ಹೋದಳು.

"ತಟ್ಟಿ ಬ್ಯಾಡ, ಕೈಯಾಗ ಕೊಡ್ರಿ! ಹೆಣ್ಮಗಳು ಸಾಯಾಕ ಹೊಂಟಾಳ!" ಎಂದರು ಬಾಯಾರು. ಅವರ ಕಣ್ಣು ಗಾಯದ ಮೇಲೆಯೇ ಇತ್ತು.

ಚಂಪಕ್ಕ ಒಂದು ಗಳಿಗೆ ತಡೆದಳು, ಆಮೇಲೆ ಕೊಟ್ಟಳು. ಸೂಜಿ ಬಾಯಾರ ಬಲಗೈ ತೋರುಬೆರಳಿಗೆ ಇಳಿಯಿತು. ಅವರು ಅದನ್ನು ಕಿತ್ತು, ಬೇರೆ ಸೂಜಿ ತರಿಸಿ ಹೊಲಿಗೆ ಮುಗಿಸಿದ ಮೇಲೆಯೇ ಬೆರಳಿಗೆ ಅಯೋಡಿನ್ ಹಚ್ಚಿಕೊಂಡರು.

ಬಾಣಂತಿ ಮರುದಿನ ಸತ್ತಳು. ಆ ಹೊತ್ತಿಗೆ ಬಾಯಾರ ಬೆರಳು ಬದನೆಕಾಯಿಯ ಹಾಗೆ ಊದಿತ್ತು, ಅದರ ಮರುದಿನ ಕೆಂಪು ಗೆರೆಯೊಂದು ಮೊಣಕೈ ದಾಟಿ ಮೇಲೇರಿತ್ತು. ಈಗಿನಂತೆ ನಂಜು ಇಳಿಸುವ ಔಷಧ ಆಗ ಇರಲಿಲ್ಲ. ಬಿಸಿನೀರಿನ ಕಾವು, ಅಯೋಡಿನ್, ಅದಕ್ಕೂ ಬಗ್ಗದಿದ್ದರೆ ಕತ್ತಿ. ದಂಡಿನ ಕ್ಯಾಂಪಿನಿಂದ ಬಂದ ಇಂಗ್ಲಿಷ್ ಡಾಕ್ಟರ್ ಸಾಹೇಬ ನೋಡಿ, ಬೆರಳು ತೆಗೆಯಲೇಬೇಕು, ತಡ ಮಾಡಿದರೆ ಜೀವ ಉಳಿಯುವುದಿಲ್ಲ ಎಂದ. ಬಾಯಾರು ಒಪ್ಪಲಿಲ್ಲ.

"ಈ ಬೆರಳಿಲ್ಲಂದ್ರ ನಾ ಕತ್ತಿ ಹೆಂಗ ಹಿಡೀಲಿ? ಮನ್ಯಾಗ ಎಲ್ಲಾರ ಕೂಡ ಹೊಡದಾಡಿ ಕಲ್ತ ವಿದ್ಯಾ ಇದು."

"ಬೆರಳ ಹೋದ್ರ ಹೋಗಲಿ ಬಾಯಾರ, ಜೀಂವ ಉಳೀಲಿ," ಎಂದಳು ಚಂಪಕ್ಕ.

"ನಿಮಗ ಇದು ತಿಳಿಯೂದಿಲ್ಲ. ಹೊರಗ ಹೋಗ್ರಿ."

"ಹೋಗೂದಿಲ್ಲ. ಆ ಬಾಣಂತಿ ಹೆಂಗ ಸತ್ಲು ಅನ್ನೂದು ನಾನೂ ನೋಡೀನಿ, ನೀವೂ ನೋಡೀರಿ. ಹಟಾ ಮಾಡಿ ಸಾಯ್ತೀರೇನು?"

"ಸತ್ರ ನನ್ನ ಜೀಂವ ಹೋಗತೈತಿ. ನಿಮಗೇನ್ರಿ?"

ಅವರಿಬ್ಬರೂ ದನಿಯೇರಿಸಿ ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. ವಾರ್ಡಿನ ರೋಗಿಗಳೆಲ್ಲ ಎದ್ದು ಕೂತಿದ್ದರು. ಚಂಪಕ್ಕ ಹೊರಗೆ ಬಂದವಳೇ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು.

ಸಂಜೆಯ ಹೊತ್ತಿಗೆ ಬಾಯಾರಿಗೆ ಜ್ವರ ನೆತ್ತಿಗೇರಿ ಎಚ್ಚರ ತಪ್ಪಿತು. ಪುಣೆಯಲ್ಲಿದ್ದ ಅಣ್ಣನಿಗೆ ತಂತಿ ಹೋಗಿತ್ತು. ಅವರು ಬಂದು ಮುಟ್ಟುವುದು ಮರುದಿನ. ಸಾಹೇಬ ಬಾಗಿಲಲ್ಲಿ ನಿಂತು, ಒಲ್ಲೆ ಎಂದವರ ಮೇಲೆ ತಾನಾಗಿ ಕತ್ತಿ ಎತ್ತಲಾರೆ, ರಕ್ತಸಂಬಂಧಿಕರು ಯಾರಾದರೂ ಒಪ್ಪಿಗೆ ಕೊಡಬೇಕು, ನಾಳೆಯ ತನಕ ಕಾಯುವುದು ಮಾತ್ರ ಕಷ್ಟ ಎಂದ. ನನಗೆ ನಾಲ್ಕಕ್ಷರ ಇಂಗ್ಲಿಷ್ ಬರುತ್ತಿತ್ತು. ಅವನ ಮಾತನ್ನು ಚಂಪಕ್ಕನಿಗೆ ತಿಳಿಸಿದೆ.

"ನಾ ಅದೀನಿ," ಎಂದಳು. "ನಾ ಇವರ ಅಕ್ಕ. ಬೆರಳ ತಗೀರಿ ಅಂತ ಹೇಳು."

ನಾನು ಅವಳ ಮುಖ ನೋಡಿದೆ. "ಹೇಳು ತಂಗಿ," ಎಂದಳು ಮತ್ತೆ.

ಹೇಳಿದೆ. ಒಬ್ಬರು ಪುಣೆಯವರು, ಇನ್ನೊಬ್ಬಳು ಅನಗೋಳದವಳು. ಸಾಹೇಬ ಇಬ್ಬರನ್ನೂ ನೋಡಿದ. ನಂಬಿದನೋ, ನಂಬಿದವರ ಹಾಗೆ ಮಾಡಿದನೋ, ಕೋಟು ಕಳಚಿ ಕೈ ತೊಳೆಯಲು ಹೋದ. ಬೆರಳು ತೆಗೆಯುವಾಗ ಬಾಯಾರ ತೋಳು ಹಿಡಿದುಕೊಂಡವಳು ಚಂಪಕ್ಕನೇ.

ಬಾಯಾರು ಉಳಿದರು. ಪೂರ್ತಿ ಎಚ್ಚರವಾದ ದಿನ ಕೈಯ ಕಟ್ಟು ನೋಡಿಕೊಂಡು, ಯಾರನ್ನು ಕೇಳಿ ತೆಗೆದಿರಿ ಎಂದರು. ನಿಮ್ಮ ಅಕ್ಕ ಒಪ್ಪಿದಳಲ್ಲ ಎಂದ ಸಾಹೇಬ. ಚಂಪಕ್ಕ ಹಾಲಿನ ಲೋಟ ಹಿಡಿದು ಅಲ್ಲೇ ನಿಂತಿದ್ದಳು. ಬಾಯಾರು ಅವಳನ್ನು ನೋಡಿದರು.

"ನನಗ ಅಕ್ಕ ಯಾರೂ ಇಲ್ಲ," ಎಂದು ಗೋಡೆಯ ಕಡೆ ಹೊರಳಿದರು. ಹೇಳಿದ್ದು ಮರಾಠಿಯಲ್ಲಲ್ಲ, ಇಂಗ್ಲಿಷಿನಲ್ಲೂ ಅಲ್ಲ, ಚಂಪಕ್ಕ ಕಲಿಸಿದ ಕನ್ನಡದಲ್ಲಿ.

ಆಮೇಲೆ ಅವಳು ಒಳಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೈ ಮಾಯ್ದ ಮೇಲೆ ಅಣ್ಣ ಪುಣೆಗೆ ಕರೆದುಕೊಂಡು ಹೋದರು. ವಾರ್ಡಿನಲ್ಲಿ ಜನ ಆಡಿಕೊಂಡರು: ಸೂಜಿ ಚುಚ್ಚಿದಾಕೀನೂ ಅಕೀನೇ, ಬೆರಳ ಕೊಯ್ಸಿದಾಕೀನೂ ಅಕೀನೇ. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಚಂಪಕ್ಕ ತಾನಾಗಿ ಕೇಳಿಕೊಂಡು ಖಾನಾಪುರದ ದವಾಖಾನೆಗೆ ಹೋದಳು. ಬಾಯಾರ ಸಿಟ್ಟು ನ್ಯಾಯವೋ ಅಲ್ಲವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಬೆರಳು ಅವರದು, ಒಲ್ಲೆ ಎಂದವರೂ ಅವರೇ. ಆದರೆ ಅಂದು ಚಂಪಕ್ಕ ಸುಮ್ಮನಿದ್ದಿದ್ದರೆ ಬಾಯಾರು ಉಳಿಯುತ್ತಿರಲಿಲ್ಲ.

ನಾನು ಅವಳನ್ನು ಕೊನೆಯದಾಗಿ ನೋಡಿದ್ದು ಖಾನಾಪುರದಲ್ಲಿ. ಮರುವರ್ಷ ಪ್ಲೇಗಿನ ರೋಗಿಗಳನ್ನು ನೋಡಿಕೊಳ್ಳುತ್ತಲೇ ಅವಳೂ ಹೋದಳು. ಆ ಕೊನೆಯ ಭೇಟಿಯ ಹೊತ್ತಿಗೆ ನಾನು ಪುಣೆಗೆ ಹೋಗಿ ಬಾಯಾರನ್ನು ಕಂಡು ಬಂದಿದ್ದೆ. ಚಂಪಕ್ಕ ದವಾಖಾನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಒಂದೊಂದಾಗಿ ಕೇಳಿದಳು.

"ಏನ ಮಾಡತಾರ ಈಗ?"

"ನರ್ಸ್ ಕಲಿಯೂ ಹುಡಿಗ್ಯಾರಿಗೆ ಪಾಠಾ ಹೇಳತಾರ."

"ಮೈ ಹಿಡದಾರೇನು?"

"ಹಿಡದಾರ. ಆರಾಮ ಅದಾರ."

"ನನ್ನ ಹೆಸರ ತಗದ್ರೇನ?"

ತಗದ್ರು ಅನ್ನಬೇಕೆನಿಸಿತು. ಅವಳ ಎದುರು ಸುಳ್ಳಾಡಲು ಬಾಯಿ ಬರಲಿಲ್ಲ. "ಇಲ್ಲಕ್ಕಾ. ನಾನ ತಗದೆ. ಎದ್ದ ಒಳಗ ಹೋದ್ರು."

ಚಂಪಕ್ಕ ಅತ್ತಳು. ಸೆರಗು ಅಡ್ಡ ಹಿಡಿಯದೆ, ಮಕ್ಕಳ ಹಾಗೆ ಅತ್ತಳು. ನನಗೆ ಬಾಯಾರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ಎಂಥಾ ಸಿಟ್ಟಕ್ಕಾ ಇದು? ಇಷ್ಟ ದಿನ ಆದ್ರೂ ಇಳೀವಲ್ದು!"

ಅವಳು ಮೂಗು ಒರೆಸಿಕೊಂಡಳು.

"ಇಳಿಯೂದ ಬ್ಯಾಡ ಬಿಡ ತಂಗಿ. ಸಿಟ್ಟ ಇರಬೇಕಂದ್ರ ಜೀಂವ ಇರಬೇಕಲ್ಲ."